ಗೋಡೆ ಯಾರದು, ಮಾತು ಯಾರದು?

ಓದುಗರ ಪ್ರಶ್ನೋತ್ತರ

ಅನ್ಯಾಯವನ್ನು ಎದುರಿಸಲು ಜನರು ತಾವಿರುವ ಜಾಗದಲ್ಲೇ, ತಮ್ಮ ಕೈಯಿಂದಲೇ ಮಾಡುವ ಕಲೆಯ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಬರೆದವರ ಹೆಸರನ್ನೂ ಊರನ್ನೂ ಕೈಬಿಟ್ಟಿದ್ದೇವೆ. ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ನಾನು ಚಿತ್ರಕಲೆಯ ಶಿಕ್ಷಕಿ. ನಮ್ಮ ಬಡಾವಣೆಯ ಅಂಚಿನಲ್ಲಿ ಕಾರ್ಖಾನೆಗಳ ಕೊಳಚೆ ನೀರು ತೆರೆದ ಕಾಲುವೆಯಲ್ಲಿ ಹರಿಯುತ್ತದೆ. ವರ್ಷಗಳಿಂದ ಮನವಿ ಕೊಡುತ್ತಿದ್ದರೂ ಯಾರೂ ಕಿವಿಗೊಟ್ಟಿಲ್ಲ. ಕಾಲುವೆಯ ಪಕ್ಕದ ಉದ್ದ ಗೋಡೆಯ ಮೇಲೆ ಈ ಕಥೆಯನ್ನೆಲ್ಲ ಚಿತ್ರಿಸಬೇಕೆಂದು ಬಡಾವಣೆಯ ಯುವಕ ಯುವತಿಯರು ಉತ್ಸಾಹದಿಂದಿದ್ದಾರೆ. ಹಿರಿಯರೊಬ್ಬರು ಮಾತ್ರ, "ಬಣ್ಣ ಬಳಿದರೆ ನೀರು ತಿಳಿಯಾಗುತ್ತದೆಯೇ? ಅದೇ ದುಡ್ಡಿಗೆ ಒಬ್ಬ ಒಳ್ಳೆಯ ವಕೀಲರನ್ನು ಹಿಡಿಯಿರಿ" ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ತಳ್ಳಿಹಾಕಬೇಡಿ. ಕುಂಚ ಗೋಡೆಗೆ ತಾಗುವ ಮೊದಲೇ ಈ ಪ್ರಶ್ನೆಯನ್ನು ಕೇಳುವ ಹಿರಿಯರು ಎಲ್ಲ ಬಡಾವಣೆಗಳಲ್ಲೂ ಇರುವುದಿಲ್ಲ. ಬಣ್ಣದಿಂದ ನೀರು ತಿಳಿಯಾಗುವುದಿಲ್ಲ ಎಂಬುದು ನಿಜ. ಆದರೆ ಮನವಿಪತ್ರ ಬೇಕೋ ಚಿತ್ರ ಬೇಕೋ ಎಂದು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೊರಟರೆ ಅಲ್ಲಿಗೇ ದಾರಿ ತಪ್ಪುತ್ತದೆ.

ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಬ್ಯಾರಿಯೊ ಲೋಗನ್ ಎಂಬ ಬಡಾವಣೆಯಿದೆ. ಮೆಕ್ಸಿಕೊ ಮೂಲದ ದುಡಿಯುವ ಜನರು ನೆಲೆಸಿದ್ದ ಆ ಬಡಾವಣೆಯನ್ನು 1960ರ ದಶಕದಲ್ಲಿ ಹೆದ್ದಾರಿಯೊಂದು ಸೀಳಿಕೊಂಡು ಹೋಯಿತು. 1969ರಲ್ಲಿ ತೆರೆದ ಕೊರೊನಾಡೊ ಸೇತುವೆಯ ಭಾರಿ ಕಂಬಗಳು ಮನೆಗಳಿದ್ದ ಜಾಗದಲ್ಲಿ ಎದ್ದು ನಿಂತವು. ಸೇತುವೆಯ ಕೆಳಗಿನ ನೆಲವನ್ನು ಉದ್ಯಾನಕ್ಕೆ ಕೊಡುವುದಾಗಿ ನಿವಾಸಿಗಳಿಗೆ ಮಾತು ಸಿಕ್ಕಿತ್ತು. ಆದರೆ 1970ರ ಏಪ್ರಿಲ್ 22ರಂದು ಅದೇ ನೆಲವನ್ನು ಹೆದ್ದಾರಿ ಪೊಲೀಸರ ಠಾಣೆಗಾಗಿ ಸಮತಟ್ಟು ಮಾಡುತ್ತಿರುವುದು ತಿಳಿದಾಗ ವಿದ್ಯಾರ್ಥಿಗಳು, ತಾಯಂದಿರು, ಮಕ್ಕಳು ಬಂದು ಯಂತ್ರಗಳ ಮುಂದೆ ನಿಂತರು. ಹನ್ನೆರಡು ದಿನ ಅಲ್ಲಿಯೇ ಬೀಡುಬಿಟ್ಟು ಗಿಡ ನೆಟ್ಟರು. ಕೊನೆಗೆ ನೆಲವನ್ನು ಪಡೆದೇ ಎದ್ದರು. ಆ ಕಂಬಗಳ ಮೇಲಿನ ಚಿತ್ರಗಳು ಶುರುವಾದದ್ದು 1973ರಲ್ಲಿ. ಅಂದರೆ ಮೊದಲು ಮೈಯೊಡ್ಡಿದರು, ಆಮೇಲೆ ಬಣ್ಣ ಹಿಡಿದರು. ನಿಮ್ಮ ಹಿರಿಯರಿಗೆ ಈ ಕ್ರಮ ಒಪ್ಪಿಗೆಯಾಗುತ್ತದೆ ಎಂದುಕೊಂಡಿದ್ದೇನೆ. ಹಾಗಾದರೆ ಬಣ್ಣ ಮಾಡಿದ್ದೇನು? ಗೆದ್ದ ನೆಲ ಯಾರದೆಂಬುದನ್ನು ಅದು ಪ್ರತಿದಿನ, ಪ್ರತಿ ದಾರಿಹೋಕನಿಗೂ ಹೇಳುತ್ತಲೇ ಬಂತು. ಮುಂದೆ ಬಡಾವಣೆಯ ನಡುವೆ ಗುಜರಿ ಅಂಗಳಗಳು ಬಂದು ಕುಳಿತಾಗ ಅವುಗಳ ವಿರುದ್ಧವೂ ಅದೇ ಕಂಬಗಳು ಮಾತನಾಡಿದವು. 2016ರಲ್ಲಿ ಆ ಉದ್ಯಾನಕ್ಕೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಸ್ಥಾನ ಸಿಕ್ಕಿತು.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಇದೆ: ಮನವಿ ಕೊಡುವ ಬಾಗಿಲೇ ಮುಚ್ಚಿರುವ ಸ್ಥಿತಿ. ಚಿಲಿ ದೇಶದಲ್ಲಿ 1973ರ ಸೆಪ್ಟೆಂಬರ್ 11ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಸಾವಿರಾರು ಜನರನ್ನು ಹಿಡಿದೊಯ್ಯಲಾಯಿತು. ಅನೇಕರು ಮರಳಲೇ ಇಲ್ಲ. ಅವರನ್ನು ಹುಡುಕಿಕೊಡಿ ಎಂದು ಸಲ್ಲಿಸಿದ ಅರ್ಜಿಗಳನ್ನು ನ್ಯಾಯಾಲಯಗಳು ಹೆಚ್ಚುಕಡಿಮೆ ಎಲ್ಲವನ್ನೂ ತಿರಸ್ಕರಿಸಿದವು. ಆಗ ರಾಜಧಾನಿ ಸ್ಯಾಂಟಿಯಾಗೊದಲ್ಲಿ, ಕಾಣೆಯಾದವರ ತಾಯಂದಿರು, ಹೆಂಡಂದಿರು, ಸಹೋದರಿಯರು ಚರ್ಚಿನ ಆಶ್ರಯದಲ್ಲಿ ಒಟ್ಟಿಗೆ ಕುಳಿತು ಗೋಣಿಬಟ್ಟೆಯ ಮೇಲೆ ಚಿಂದಿಗಳನ್ನು ಹೊಲಿದು ಚಿತ್ರ ಮಾಡತೊಡಗಿದರು. ಅರ್ಪಿಯೆರಾ ಎಂದು ಹೆಸರಾದ ಈ ಹೊಲಿಗೆಚಿತ್ರಗಳಲ್ಲಿ ಬಂಧನದ ದೃಶ್ಯ, ನೀರಿಲ್ಲದ ನಲ್ಲಿ, ಮುಚ್ಚಿದ ಕಾರ್ಖಾನೆ, ಊಟದ ಮೇಜಿನ ಬಳಿ ಖಾಲಿ ಉಳಿದ ಕುರ್ಚಿ, ಹಿಂದೆ ಆಂಡಿಸ್ ಪರ್ವತಗಳ ಸಾಲು ಕಾಣುತ್ತವೆ. ಕೆಲವೊಮ್ಮೆ ಆ ಚಿಂದಿ ಕಾಣೆಯಾದವನ ಅಂಗಿಯದೇ ಆಗಿರುತ್ತಿತ್ತು. ಸೂಜಿ ಹಿಡಿದು ಕುಳಿತ ಹೆಂಗಸರನ್ನು ಅಪಾಯವೆಂದು ಮೊದಮೊದಲು ಯಾರೂ ಎಣಿಸಲಿಲ್ಲ. ಅಷ್ಟರಲ್ಲಿ ಆ ಬಟ್ಟೆಗಳು ಗುಟ್ಟಾಗಿ ದೇಶದ ಗಡಿ ದಾಟಿ ಹೊರಜಗತ್ತಿಗೆ ಸಾಕ್ಷ್ಯ ನುಡಿದಿದ್ದವು, ಮಾರಾಟದ ಹಣ ದುಡಿಯುವ ಕೈ ಕಳೆದುಕೊಂಡ ಮನೆಗಳಿಗೆ ಅನ್ನವಾಗಿತ್ತು. ಇದಕ್ಕೂ ದೊಡ್ಡ ಸಂಗತಿಯೆಂದರೆ, ನೋವನ್ನು ಮನೆಯೊಳಗೇ ನುಂಗಿಕೊಂಡಿದ್ದವರಿಗೆ ತಮ್ಮಂಥವರು ಎಷ್ಟು ಜನರಿದ್ದಾರೆ ಎಂಬುದು ಆ ಹೊಲಿಗೆಯ ಕೋಣೆಯಲ್ಲಿ ತಿಳಿಯಿತು.

ನಿಮ್ಮ ಗೋಡೆಯ ವಿಷಯಕ್ಕೆ ಬರುತ್ತೇನೆ. ಸತ್ತ ಮೀನು, ಕಣ್ಣೀರಿಡುವ ಭೂಮಿತಾಯಿ ಇಂಥ ಸಾಮಾನ್ಯ ಚಿತ್ರಗಳನ್ನು ಬಿಡಿಸಲು ಹೋಗಬೇಡಿ. ಅವು ಯಾವ ಗೋಡೆಯ ಮೇಲಾದರೂ ಇರಬಹುದು, ಆದ್ದರಿಂದ ಯಾರನ್ನೂ ತಟ್ಟುವುದಿಲ್ಲ. ನೀವು ಇದುವರೆಗೆ ಕೊಟ್ಟ ಪ್ರತಿ ಮನವಿಯ ದಿನಾಂಕವನ್ನು ದೊಡ್ಡ ಅಕ್ಷರಗಳಲ್ಲಿ ಸಾಲಾಗಿ ಬರೆಯಿರಿ. ಉತ್ತರ ಬಾರದಿದ್ದರೆ ಅದರ ಪಕ್ಕದ ಜಾಗವನ್ನು ಖಾಲಿ ಬಿಡಿ. ನಿಮ್ಮ ಬೇಡಿಕೆ ಏನು, ಅದನ್ನು ಈಡೇರಿಸಬೇಕಾದವರು ಯಾರು ಎಂಬ ಎರಡು ವಾಕ್ಯಗಳು ಓದುಬರಹ ಬಲ್ಲ ಮಗುವಿಗೂ ಅರ್ಥವಾಗುವಂತಿರಲಿ. ನೀರಿನ ಪರೀಕ್ಷೆಯ ವರದಿ ಕೈಯಲ್ಲಿಲ್ಲದೆ ಯಾವ ಕಾರ್ಖಾನೆಯ ಹೆಸರನ್ನೂ ಬರೆಯಬೇಡಿ. ಒಂದು ತಪ್ಪು ಅಂಕಿ ಇಡೀ ಗೋಡೆಯನ್ನು ಸುಳ್ಳಾಗಿಸಿಬಿಡುತ್ತದೆ. ವಕೀಲರನ್ನೂ ಕಾಣಿರಿ. ಅವರಿಗೆ ಬೇಕಾಗುವ ದಿನಾಂಕಗಳ ಪಟ್ಟಿ ಆ ಹೊತ್ತಿಗೆ ಗೋಡೆಯ ಮೇಲೇ ಸಿದ್ಧವಾಗಿರುತ್ತದೆ.

ಪ್ರಶ್ನೆ: ನಾನು ವೃತ್ತಿಯಿಂದ ಕಲಾವಿದ. ಮನೆಗಳನ್ನು ತೆರವುಗೊಳಿಸುವ ಬೆದರಿಕೆಯಲ್ಲಿರುವ ಒಂದು ಬಸ್ತಿಯಲ್ಲಿ ಭಿತ್ತಿಚಿತ್ರ ಮಾಡಿಕೊಡಲು ಸಂಸ್ಥೆಯೊಂದು ನನ್ನನ್ನು ಕರೆದಿದೆ. ನಾನು ಆ ಬಸ್ತಿಯವನಲ್ಲ. ಅವರ ಸಂಕಟವನ್ನು ಚಿತ್ರಿಸುವ ಹಕ್ಕು ನನಗಿದೆಯೇ ಎಂಬ ಅಳುಕು ಕಾಡುತ್ತಿದೆ.

ಉತ್ತರ: ಆ ಅಳುಕನ್ನು ಕಳೆದುಕೊಳ್ಳಬೇಡಿ, ಆದರೆ ಅದರ ನೆಪದಲ್ಲಿ ಹಿಂದೆ ಸರಿಯಲೂಬೇಡಿ. ಹೊರಗಿನಿಂದ ಬಂದವರು ತಮ್ಮ ಕಸುಬನ್ನು ತರಬಹುದು, ವಿಷಯವನ್ನು ತರಬಾರದು. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಮೂರು ಪ್ರಸಂಗಗಳು ನನಗೆ ಕಲಿಸಿವೆ.

1983ರಲ್ಲಿ, ಅರ್ಜೆಂಟೀನಾದಲ್ಲಿ ಸೇನಾಡಳಿತ ಇನ್ನೂ ಕೊನೆಗೊಂಡಿರದ ಹೊತ್ತಿನಲ್ಲಿ, ರೊಡೊಲ್ಫೊ ಅಗೆರೆಬೆರಿ, ಹೂಲಿಯೊ ಫ್ಲೋರೆಸ್, ಗಿಯೆರ್ಮೊ ಕೆಕ್ಸೆಲ್ ಎಂಬ ಮೂವರು ಕಲಾವಿದರು ಒಂದು ಯೋಚನೆಯನ್ನು ಹೊತ್ತು ಪ್ಲಾಸಾ ದೆ ಮಾಯೊದ ತಾಯಂದಿರ ಬಳಿಗೆ, ಅಂದರೆ ಸೇನಾಡಳಿತ ಹಿಡಿದೊಯ್ದು ಕಾಣೆಯಾದವರಿಗಾಗಿ ಆ ಹೆಸರಿನ ಚೌಕದಲ್ಲಿ ಸೇರುತ್ತಿದ್ದ ತಾಯಂದಿರ ಬಳಿಗೆ, ಹೋದರು. ಕಾಣೆಯಾದ ಪ್ರತಿಯೊಬ್ಬರಿಗೂ ಒಂದರಂತೆ ಆಳೆತ್ತರದ ಹೊರರೇಖೆಗಳನ್ನು ಕಾಗದದ ಮೇಲೆ ಬರೆಯುವುದು ಅವರ ಯೋಚನೆಯಾಗಿತ್ತು. ತಾಯಂದಿರು ಒಪ್ಪಿದರು, ಆದರೆ ತಿದ್ದಿದರು: ಆಕೃತಿಗಳನ್ನು ನೆಲದ ಮೇಲೆ ಮಲಗಿಸಬಾರದು, ಮಲಗಿಸಿದರೆ ಅವು ಹೆಣಗಳಾಗುತ್ತವೆ, ನಿಂತಿರಬೇಕು, ಗರ್ಭಿಣಿಯರೂ ಮಕ್ಕಳೂ ಅವುಗಳಲ್ಲಿ ಇರಬೇಕು. ಮಕ್ಕಳನ್ನು ಜೀವಂತವಾಗಿ ಮರಳಿ ಕೊಡಿ ಎಂದು ವರ್ಷಗಳಿಂದ ಕೇಳುತ್ತಿದ್ದವರ ಪಾಲಿಗೆ ಅದು ಅಲಂಕಾರದ ಪ್ರಶ್ನೆಯಾಗಿರಲಿಲ್ಲ. ಸೆಪ್ಟೆಂಬರ್ 21ರಂದು ಚೌಕದಲ್ಲಿ ನೆರೆದ ಜನರು ಕಾಗದದ ಮೇಲೆ ತಾವೇ ಮಲಗಿ, ತಮ್ಮ ಮೈಯ ಅಂಚನ್ನು ಇನ್ನೊಬ್ಬರಿಂದ ಬರೆಸಿಕೊಂಡು, ಆ ಆಕೃತಿಗಳನ್ನು ಸುತ್ತಲಿನ ಗೋಡೆಗಳಿಗೆ ನಿಲ್ಲಿಸಿ ಅಂಟಿಸಿದರು. ಇಲ್ಲದವರ ಜಾಗದಲ್ಲಿ ಇರುವವರ ಮೈ ನಿಂತಿತು. ಕಲಾವಿದರು ಮೂವರೇ ಕುಳಿತು ಎಷ್ಟು ಯೋಚಿಸಿದರೂ ಆ ತಿದ್ದುಪಡಿ ಅವರಿಗೆ ಹೊಳೆಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಎರಡನೆಯದು ಲಾಸ್ ಏಂಜಲೀಸ್‌ನದು. ಜೂಡಿ ಬಾಕಾ ಎಂಬ ಕಲಾವಿದೆ 1976ರಲ್ಲಿ ಅಲ್ಲಿನ ಪ್ರವಾಹ ಕಾಲುವೆಯೊಂದರ ಕಾಂಕ್ರೀಟ್ ಗೋಡೆಯ ಮೇಲೆ, ಪಠ್ಯಪುಸ್ತಕಗಳು ಬಿಟ್ಟ ಜನರ ಇತಿಹಾಸವನ್ನು ಬರೆಸಲು ಆರಂಭಿಸಿದರು. ಹಲವು ಬೇಸಿಗೆಗಳಲ್ಲಿ ಬೆಳೆದ ಆ ಚಿತ್ರ 2,754 ಅಡಿ ಉದ್ದವಿದೆ. ಅದರಲ್ಲಿ ಕೈಜೋಡಿಸಿದ ಹುಡುಗ ಹುಡುಗಿಯರು 400ಕ್ಕೂ ಹೆಚ್ಚು. ಅವರಲ್ಲಿ ಅನೇಕರು ಪೊಲೀಸ್ ಪ್ರಕರಣಗಳಲ್ಲಿ ಸಿಲುಕಿದ್ದವರು, ಬೇರೆ ಬೇರೆ ಜನಾಂಗಗಳಿಗೆ ಸೇರಿದವರು, ಪರಸ್ಪರ ಹಗೆತನದ ಗುಂಪುಗಳಿಂದ ಬಂದವರು. ಅವರಿಗೆ ಕೂಲಿಯನ್ನೂ ಕೊಡಲಾಯಿತು. ಕೂಲಿಯ ಮಾತನ್ನು ಬೇಕೆಂದೇ ಎತ್ತುತ್ತಿದ್ದೇನೆ. ಕಲಾವಿದನಿಗೆ ಸಂಭಾವನೆ, ಬಸ್ತಿಯವರಿಗೆ ಬರಿಯ ಚಪ್ಪಾಳೆ ಎಂಬ ಏರ್ಪಾಡು ಅನ್ಯಾಯದ ವಿರುದ್ಧದ ಕೆಲಸದೊಳಗೇ ಇನ್ನೊಂದು ಅನ್ಯಾಯವನ್ನು ತಂದಿಡುತ್ತದೆ.

ಮೂರನೆಯದು ಕೆನ್ಯಾದ ಕಮಿರೀಥು ಎಂಬ ಹಳ್ಳಿಯದು. 1977ರಲ್ಲಿ ಅಲ್ಲಿನ ರೈತರು, ಚಹಾತೋಟದ ಕೂಲಿಗಳು, ಕಾರ್ಖಾನೆಯ ಕೆಲಸಗಾರರು ತಾವೇ ಬಯಲು ರಂಗಮಂದಿರವನ್ನು ಕಟ್ಟಿ, ಭೂಮಿ ಕಳೆದುಕೊಂಡ ಕುಟುಂಬದ ಕಥೆಯನ್ನು ತಮ್ಮ ಗಿಕುಯು ಭಾಷೆಯಲ್ಲಿ ಆಡಿದರು. ನಾಟಕದ ಕರಡನ್ನು ಬರೆದವರಲ್ಲಿ ಒಬ್ಬರು ಹೆಸರಾಂತ ಲೇಖಕ ಗೂಗಿ ವಾ ಥಿಯಾಂಗೊ. ಅಭ್ಯಾಸ ಬಾಗಿಲು ತೆರೆದೇ ನಡೆಯುತ್ತಿತ್ತು. ಕಾರ್ಖಾನೆಯ ದುಡಿಮೆ ಹೀಗಿರುವುದಿಲ್ಲ, ನಮ್ಮ ಮುದುಕರು ಹೀಗೆ ಮಾತನಾಡುವುದಿಲ್ಲ ಎಂದು ಹಳ್ಳಿಗರು ಲೇಖಕರನ್ನೇ ತಿದ್ದುತ್ತಿದ್ದರು. ಕೆಲವೇ ವಾರಗಳಲ್ಲಿ ಸರ್ಕಾರ ಪ್ರದರ್ಶನದ ಪರವಾನಗಿಯನ್ನು ಹಿಂತೆಗೆದುಕೊಂಡಿತು, ಅದೇ ವರ್ಷದ ಡಿಸೆಂಬರ್ 31ರಂದು ಗೂಗಿಯವರನ್ನು ವಿಚಾರಣೆಯಿಲ್ಲದೆ ಬಂಧಿಸಿತು, 1982ರಲ್ಲಿ ರಂಗಮಂದಿರವನ್ನು ನೆಲಸಮ ಮಾಡಿಸಿತು. ಅವರು ಅದಕ್ಕೂ ಮೊದಲೇ ಇಂಗ್ಲಿಷ್‌ನಲ್ಲಿ ಸಾಕಷ್ಟು ಹರಿತವಾಗಿ ಬರೆದಿದ್ದರು. ಸೆರೆಮನೆಗೆ ಕಳುಹಿಸಿದ್ದು ಮಾತ್ರ ಹಳ್ಳಿಗರ ಜೊತೆ, ಹಳ್ಳಿಗರ ಮಾತಿನಲ್ಲಿ ಆಡಿಸಿದ ನಾಟಕ.

ಆದ್ದರಿಂದ ಬಸ್ತಿಗೆ ಹೋಗಿ, ಆದರೆ ನಕ್ಷೆಯನ್ನು ಕೈಯಲ್ಲಿ ಹಿಡಿದು ಹೋಗಬೇಡಿ. ಮೊದಲ ಕೆಲವು ವಾರ ಕೇಳಿಸಿಕೊಳ್ಳಿ. ಚಿತ್ರದ ಯಾವ ಭಾಗವನ್ನಾದರೂ ಬೇಡವೆನ್ನುವ ಅಧಿಕಾರ ಬಸ್ತಿಯ ಸಭೆಗಿರಬೇಕು ಎಂದು ಸಂಸ್ಥೆಯೊಂದಿಗಿನ ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ. ಸಂಸ್ಥೆ ಒಪ್ಪದಿದ್ದರೆ ಆ ಕೆಲಸವನ್ನು ಬಿಟ್ಟುಬಿಡುವುದೇ ಮೇಲು.

ಪ್ರಶ್ನೆ: ನಾವು ಮನೆಗೆಲಸ ಮಾಡುವ ಹೆಂಗಸರು. ರಜೆ ಕೇಳಿದರೆ ಸಂಬಳ ಹಿಡಿಯುತ್ತಾರೆ, ಕಳ್ಳತನದ ಆರೋಪ ಹೊರಿಸುತ್ತಾರೆ. ಇದನ್ನೇ ಬೀದಿನಾಟಕ ಮಾಡಬೇಕೆಂದಿದ್ದೇವೆ. ಆದರೆ ನೋಡುವವರೂ ನಮ್ಮಂಥವರೇ. ಗೊತ್ತಿರುವ ಕಷ್ಟವನ್ನೇ ಅವರಿಗೆ ಮತ್ತೆ ತೋರಿಸಿ ಏನು ಪ್ರಯೋಜನ? ಕೆಲಸ ಹೋಗುವ ಭಯವೂ ಇದೆ.

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನೇ ಬ್ರೆಜಿಲ್‌ನ ರಂಗಕರ್ಮಿ ಆಗಸ್ತೊ ಬೋಲ್ (1931–2009) ಬದುಕಿಡೀ ಕೇಳಿಕೊಂಡರು. ಅವರ ತಂಡ ಒಮ್ಮೆ ಬಡ ರೈತರ ಮುಂದೆ ನಾಟಕವಾಡಿ, ಭೂಮಿಗಾಗಿ ರಕ್ತ ಚೆಲ್ಲೋಣ ಎಂದು ಹಾಡಿತು. ನೋಡುತ್ತಿದ್ದ ರೈತನೊಬ್ಬ ಉತ್ಸಾಹಗೊಂಡು, ಹಾಗಾದರೆ ನಿಮ್ಮ ಬಂದೂಕುಗಳೊಂದಿಗೆ ಬನ್ನಿ, ಜಮೀನ್ದಾರನ ಮೇಲೆ ಈಗಲೇ ಹೋಗೋಣ ಎಂದ. ಬಂದೂಕುಗಳು ನಾಟಕದ ಸಾಮಾನು, ನಾವು ಕಲಾವಿದರು ಎಂದು ಇವರು ತಡವರಿಸಿದಾಗ, ನೀವು ಚೆಲ್ಲಬೇಕೆಂದ ರಕ್ತ ನಮ್ಮದೇ ಹೊರತು ನಿಮ್ಮದಲ್ಲ ಎಂಬುದು ರೈತನಿಗೆ ಅರ್ಥವಾಯಿತು. ತಾವು ಎದುರಿಸದ ಅಪಾಯಕ್ಕೆ ಬೇರೆಯವರನ್ನು ಇನ್ನೆಂದೂ ಕರೆಯಬಾರದೆಂದು ಅಂದು ನಿಶ್ಚಯಿಸಿದ್ದಾಗಿ ಬೋಲ್ ಅವರೇ ಹೇಳಿಕೊಂಡಿದ್ದಾರೆ.

ಮುಂದೆ ಅವರು ರೂಪಿಸಿದ ರಂಗಪದ್ಧತಿಯಲ್ಲಿ ನಾಟಕ ಅನ್ಯಾಯ ಗೆಲ್ಲುವಲ್ಲಿಗೆ ನಿಂತುಬಿಡುತ್ತದೆ. ಆಮೇಲೆ ಅದೇ ದೃಶ್ಯವನ್ನು ಮತ್ತೆ ಆಡುತ್ತಾರೆ. ಈ ಸಲ ನೋಡುವವರಲ್ಲಿ ಯಾರಾದರೂ "ನಿಲ್ಲಿಸಿ" ಎಂದು ಕೂಗಿ, ಎದ್ದುಬಂದು, ತುಳಿತಕ್ಕೆ ಒಳಗಾದ ಪಾತ್ರದ ಜಾಗದಲ್ಲಿ ತಾವು ನಿಂತು ಬೇರೆ ಮಾತು, ಬೇರೆ ನಡೆಯನ್ನು ಪ್ರಯತ್ನಿಸಬಹುದು. ಯಜಮಾನಿಯ ಪಾತ್ರ ಸುಲಭವಾಗಿ ಸೋಲುವುದಿಲ್ಲ, ನಿಜಜೀವನದಲ್ಲಿರುವಂತೆಯೇ ಎದುರಾಡುತ್ತದೆ. ಒಬ್ಬರು ಜಗಳವಾಡಿ ನೋಡುತ್ತಾರೆ, ಇನ್ನೊಬ್ಬರು ಲೆಕ್ಕದ ಪುಸ್ತಕ ಇಟ್ಟು ನೋಡುತ್ತಾರೆ, ಮತ್ತೊಬ್ಬರು ಪಕ್ಕದ ಮನೆಯವಳನ್ನು ಸಾಕ್ಷಿಗೆ ಕರೆದು ನೋಡುತ್ತಾರೆ. ನಾಳೆ ಅಡುಗೆಮನೆಯಲ್ಲಿ ಆಡಬೇಕಾದ ಮಾತು ಇಂದು ಬೀದಿಯಲ್ಲಿ ಪಳಗುತ್ತದೆ. ಆದ್ದರಿಂದ ನಿಮ್ಮಂಥವರೇ ನೋಡುವವರಾಗಿರುವುದು ಕೊರತೆಯಲ್ಲ. ಈ ಪದ್ಧತಿಗೆ ಅವರೇ ಬೇಕು. ಬೋಲ್ 1993ರಿಂದ 1996ರವರೆಗೆ ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದಾಗ ಇಂಥ ಆಟಗಳಲ್ಲಿ ಜನರು ಸೂಚಿಸಿದ್ದನ್ನು ಮಸೂದೆಗಳಾಗಿ ಬರೆಸಿದರು. ಅವುಗಳಲ್ಲಿ ಹದಿಮೂರು ಕಾನೂನುಗಳಾದವು. ನಿಮ್ಮ ಆಟದಲ್ಲಿ ಹೊರಬಂದ ಬೇಡಿಕೆಗಳನ್ನು ಬರೆದಿಟ್ಟುಕೊಳ್ಳಲು ಒಬ್ಬರನ್ನು ನೇಮಿಸಿ.

ಭಯದ ಬಗ್ಗೆ ಹಗುರವಾಗಿ ಮಾತನಾಡಲಾರೆ. ದೆಹಲಿಯ ಜನ ನಾಟ್ಯ ಮಂಚ್ ತಂಡದ ಸಫ್ದರ್ ಹಾಶ್ಮಿಯವರ ಮೇಲೆ 1989ರ ಜನವರಿ 1ರಂದು, ಸಾಹಿಬಾಬಾದ್‌ನಲ್ಲಿ ಕಾರ್ಮಿಕರ ನಡುವೆ ಬೀದಿನಾಟಕ ನಡೆಯುತ್ತಿದ್ದಾಗಲೇ ಹಲ್ಲೆ ನಡೆಯಿತು. ಮರುದಿನ ಅವರು ತೀರಿಕೊಂಡರು. ಒಬ್ಬ ಕಾರ್ಮಿಕನೂ ಅಂದು ಜೀವ ಕಳೆದುಕೊಂಡ. ಜನವರಿ 4ರಂದು ಅವರ ಪತ್ನಿ ಮೊಲೊಯಶ್ರೀ ಹಾಶ್ಮಿ ತಂಡದೊಂದಿಗೆ ಅದೇ ಜಾಗಕ್ಕೆ ಮರಳಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಪೂರ್ತಿ ಆಡಿದರು. ಈ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ, ಆದರೆ ಅದನ್ನು ನಿಮ್ಮಿಂದ ಕೇಳುವ ಅಧಿಕಾರ ನನಗಿಲ್ಲ. ಹಲವರ ಅನುಭವಗಳನ್ನು ಬೆರೆಸಿ ಒಂದು ಪಾತ್ರ ಮಾಡಿ; ಯಾರ ಮನೆಯ ಗುರುತೂ ಸಿಗದಂತೆ ನೋಡಿಕೊಳ್ಳಿ; ಒಬ್ಬರ ಕೆಲಸ ಹೋದರೆ ಉಳಿದವರು ಏನು ಮಾಡುತ್ತೀರಿ ಎಂಬುದನ್ನು ಮೊದಲ ಪ್ರದರ್ಶನಕ್ಕೆ ಮುಂಚೆ ನಿರ್ಧರಿಸಿ. ಆಡಲು ಹೆದರುವವರಿಗೆ ಹಾಡು, ವಾದ್ಯ, ಜನರನ್ನು ಕರೆತರುವ ಕೆಲಸ ಕೊಡಿ. ಅವರಿಗೆ ಹಿಂಜರಿಕೆ ಏಕೆಂದು ಕೇಳಬೇಡಿ.

ಪ್ರಶ್ನೆ: ದುಡಿಮೆಗೆ ಕೂಲಿ ಸಿಗದವರ ಬಗ್ಗೆ ನಾವು ಬರೆದಿದ್ದ ಚಿತ್ರಕ್ಕೆ ರಾತ್ರೋರಾತ್ರಿ ಸುಣ್ಣ ಬಳಿದಿದ್ದಾರೆ. ಮಾಡಿದ್ದೆಲ್ಲ ವ್ಯರ್ಥವಾಯಿತೆಂದು ಹುಡುಗರು ಕುಗ್ಗಿಹೋಗಿದ್ದಾರೆ.

ಉತ್ತರ: ಮೆಕ್ಸಿಕೊದ ಚಿತ್ರಕಾರ ಡೇವಿಡ್ ಆಲ್ಫಾರೊ ಸಿಕೇರೊಸ್ 1932ರಲ್ಲಿ ಲಾಸ್ ಏಂಜಲೀಸ್ ನಗರದ ಕಟ್ಟಡವೊಂದರ ಹೊರಗೋಡೆಯ ಮೇಲೆ ಉಷ್ಣವಲಯದ ಅಮೆರಿಕವನ್ನು ಚಿತ್ರಿಸಿದರು. ಹಣ್ಣು, ಹಕ್ಕಿ, ಹಸುರು ಬೇಕೆಂದಿದ್ದವರಿಗೆ ಅವರು ಕೊಟ್ಟದ್ದು ಶಿಲುಬೆಗೇರಿಸಿದ ಮೂಲನಿವಾಸಿಯ ದೇಹ, ಅದರ ಮೇಲೆ ಕುಳಿತ ಹದ್ದು. ಬೀದಿಗೆ ಕಾಣುತ್ತಿದ್ದ ಭಾಗಕ್ಕೆ ಬೇಗನೆ ಬಿಳಿ ಬಣ್ಣ ಬಿತ್ತು, ಕೆಲವು ವರ್ಷಗಳಲ್ಲಿ ಇಡೀ ಚಿತ್ರಕ್ಕೆ. ದಶಕಗಳ ನಂತರ ಬಿಸಿಲು ಮಳೆಗೆ ಆ ಬಿಳುಪು ತಾನೇ ಸವೆದು ಕೆಳಗಿನ ಆಕೃತಿ ಮಸುಕಾಗಿ ಕಾಣಿಸತೊಡಗಿತು. ಸಂರಕ್ಷಣೆಯ ದೀರ್ಘ ಕೆಲಸದ ಬಳಿಕ 2012ರಲ್ಲಿ ಸಾರ್ವಜನಿಕರಿಗೆ ಅದರ ದರ್ಶನವಾಯಿತು. ಡಿಯೆಗೊ ರಿವೇರಾ ನ್ಯೂಯಾರ್ಕಿನ ರಾಕ್‌ಫೆಲರ್ ಕೇಂದ್ರದಲ್ಲಿ ಬರೆಯುತ್ತಿದ್ದ ಭಿತ್ತಿಚಿತ್ರವನ್ನು, ಅದರಲ್ಲಿ ಲೆನಿನ್ ಮುಖವಿದ್ದ ಕಾರಣಕ್ಕೆ, 1934ರಲ್ಲಿ ಒಡೆದುಹಾಕಲಾಯಿತು. ಕೆಲಸ ನಿಲ್ಲಿಸಿದಾಗ ಅವರ ಸಹಾಯಕಿಯೊಬ್ಬರು ಗುಟ್ಟಾಗಿ ತೆಗೆದಿದ್ದ ಛಾಯಾಚಿತ್ರಗಳು ಉಳಿದಿದ್ದವು. ಅದೇ ವರ್ಷ ರಿವೇರಾ ಅದನ್ನು ಮೆಕ್ಸಿಕೊ ನಗರದಲ್ಲಿ ಮತ್ತೆ ಬರೆದರು.

ಸುಣ್ಣ ಬಳಿದವರು ನಿಮ್ಮ ಚಿತ್ರವನ್ನು ಓದಿದ್ದಾರೆ, ಅದು ತಮ್ಮನ್ನು ಕುರಿತದ್ದೆಂದು ಒಪ್ಪಿಕೊಂಡಿದ್ದಾರೆ. ಇದನ್ನು ಹುಡುಗರಿಗೆ ಹೇಳಿ. ಆದರೆ ಸಮಾಧಾನದ ಮಾತಿನಲ್ಲೇ ನಿಲ್ಲಬೇಡಿ. ಗೋಡೆಯ ಮಾಲೀಕರ ಒಪ್ಪಿಗೆ ಬರಹದಲ್ಲಿತ್ತೇ? ಇದ್ದರೆ ಈಗಲೇ ದೂರು ಕೊಡಿ. ಇಲ್ಲದಿದ್ದರೆ ಮುಂದಿನ ಗೋಡೆಯನ್ನು ಒಪ್ಪಿಗೆ ಪಡೆದೇ ಆರಿಸಿಕೊಳ್ಳಿ, ಅಥವಾ ಸುತ್ತಿ ಹೊತ್ತುಕೊಂಡು ಹೋಗಬಹುದಾದ ಬಟ್ಟೆಯ ಮೇಲೆ ಬರೆಯಿರಿ. ಪ್ರತಿ ದಿನದ ಕೆಲಸದ ಛಾಯಾಚಿತ್ರವನ್ನು ದಿನಾಂಕ ಸಹಿತ ಎರಡು ಕಡೆ ಇಡಿ. ಸುಣ್ಣ ಬಳಿದ ಗೋಡೆಯ ಛಾಯಾಚಿತ್ರವೂ ಅದರಲ್ಲಿರಲಿ.

ಪ್ರಶ್ನೆ: ನಮ್ಮ ಹಳೆಯ ಕೇರಿಯ ಗೋಡೆಗಳನ್ನೆಲ್ಲ ಬಣ್ಣದ ಚಿತ್ರಗಳಿಂದ ಅಂದಗೊಳಿಸುತ್ತೇವೆಂದು ಕಟ್ಟಡ ನಿರ್ಮಾಣದ ಕಂಪನಿಯೊಂದು ಮುಂದೆ ಬಂದಿದೆ. ಕೇರಿಯ ಕಲಾವಿದರಿಗೇ ಕೆಲಸ ಕೊಡುತ್ತಾರಂತೆ. ಒಪ್ಪಬಹುದೇ?

ಉತ್ತರ: ಮೊದಲು ಒಂದು ಪ್ರಶ್ನೆ ಕೇಳಿ: ಐದು ವರ್ಷದ ನಂತರ ಈ ಚಿತ್ರಗಳ ಎದುರಿನ ಮನೆಗಳಲ್ಲಿ ಯಾರು ವಾಸಿಸುತ್ತಿರುತ್ತಾರೆ? ಬಡವರು ಮತ್ತು ಕಲಾವಿದರು ಸೇರಿ ಕಳೆಕಟ್ಟಿಸಿದ ಬಡಾವಣೆಯಲ್ಲಿ ಬಾಡಿಗೆ ಏರಿ, ಕಳೆ ಕಟ್ಟಿಸಿದವರೇ ಗಂಟುಮೂಟೆ ಕಟ್ಟಬೇಕಾಗಿ ಬಂದದ್ದನ್ನು ಎಷ್ಟೋ ನಗರಗಳು ಕಂಡಿವೆ. ಬರ್ಲಿನ್‌ನ ಕ್ರೊಯ್ಟ್ಸ್‌ಬೆರ್ಗ್ ಬಡಾವಣೆಯಲ್ಲಿ, ಹೆಸರು ಮರೆಮಾಡಿಕೊಂಡು ಬ್ಲು ಎಂಬ ಅಡ್ಡಹೆಸರಿನಿಂದ ಕೆಲಸ ಮಾಡುವ ಇಟಲಿಯ ಚಿತ್ರಕಾರರು ಬರೆದ ಎರಡು ಬೃಹತ್ ಚಿತ್ರಗಳು ನಗರದ ಗುರುತೇ ಆಗಿಹೋಗಿದ್ದವು. ಪಕ್ಕದ ಖಾಲಿ ನಿವೇಶನದಲ್ಲಿ ಕಟ್ಟಡ ಏಳುವುದು ಖಚಿತವಾದಾಗ, ತಮ್ಮ ಚಿತ್ರಗಳು ಆ ಕಟ್ಟಡದ ಮನೆಗಳಿಗೆ ಕಿಟಕಿಯ ನೋಟವಾಗುವುದು ಬೇಡವೆಂದು, ಚಿತ್ರ ಮಾಡಿದವರ ಸಮ್ಮತಿಯಿಂದಲೇ 2014ರ ಡಿಸೆಂಬರ್‌ನಲ್ಲಿ ಅವುಗಳಿಗೆ ಕಪ್ಪು ಬಣ್ಣ ಬಳಿಯಲಾಯಿತು. ಆ ನಿರ್ಧಾರವನ್ನು ಓದಿದ ದಿನ ನನಗೆ ದುಃಖವಾಗಿತ್ತು. ಅದು ಸರಿಯಾಗಿತ್ತು ಎಂದು ಈಗ ಅನ್ನಿಸುತ್ತದೆ.

ಬಾಡಿಗೆದಾರರನ್ನು ಎಬ್ಬಿಸುವುದಿಲ್ಲ, ಚಿತ್ರದ ವಿಷಯದಲ್ಲಿ ಕೈಹಾಕುವುದಿಲ್ಲ, ಜಾಹೀರಾತಿಗೆ ಬಳಸುವುದಿಲ್ಲ ಎಂಬ ಮೂರು ಮಾತುಗಳನ್ನು ಕಂಪನಿ ಕಾಗದದ ಮೇಲೆ ಕೊಟ್ಟರೆ ಮಾತುಕತೆ ಮುಂದುವರಿಸಿ. ಕೊಡಲು ಒಪ್ಪದಿದ್ದರೆ, ಬಣ್ಣ ಏಕೆ ತರುತ್ತಿದ್ದಾರೆಂದು ಗೊತ್ತಾದಂತಾಯಿತು.

ಪ್ರಶ್ನೆ: ಒಂದು ದುರಂತದಲ್ಲಿ ನಮ್ಮವರನ್ನು ಕಳೆದುಕೊಂಡ ಕುಟುಂಬಗಳು ನಾವು. ತನಿಖೆ ನಿಂತಿದೆ. ನಾವೆಲ್ಲ ಸೇರಿ ಅವರ ಬಟ್ಟೆಗಳಿಂದ ಒಂದು ಕೌದಿ ಹೊಲಿಯಬೇಕೆಂದಿದ್ದೇವೆ. ಸಂಕಟವನ್ನು ಪ್ರದರ್ಶನಕ್ಕಿಡುತ್ತಿದ್ದಾರೆ ಎಂದು ಕೆಲವರು ಆಡಿಕೊಳ್ಳುತ್ತಿದ್ದಾರೆ.

ಉತ್ತರ: ನಿಮ್ಮ ದುಃಖದಲ್ಲಿ ನಾನೂ ಪಾಲುದಾರ. ಆಡಿಕೊಳ್ಳುವವರಿಗೆ ನೀವು ಉತ್ತರ ಕೊಡಬೇಕಾಗಿಲ್ಲ, ಕೌದಿಯೇ ಕೊಡುತ್ತದೆ. ಅಮೆರಿಕದಲ್ಲಿ ಏಡ್ಸ್‌ನಿಂದ ಸಾವಿರಾರು ಜನರು ಸಾಯುತ್ತಿದ್ದರೂ ಸರ್ಕಾರ ಮುಖ ತಿರುಗಿಸಿಕೊಂಡಿದ್ದ ಕಾಲದಲ್ಲಿ, ಸತ್ತವರ ಹೆಸರು ಹೇಳಲು ಕೂಡ ಕೆಲವು ಕುಟುಂಬಗಳು ನಾಚುತ್ತಿದ್ದವು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಿನಲ್ಲಿ 1,920 ತುಂಡುಗಳ ಕೌದಿಯೊಂದನ್ನು ಹಾಸಲಾಯಿತು. ಪ್ರತಿ ತುಂಡಿನ ಅಳತೆ ಮೂರು ಅಡಿ ಅಗಲ, ಆರು ಅಡಿ ಉದ್ದ, ಅಂದರೆ ಒಂದು ಸಮಾಧಿಯಷ್ಟು. ಪ್ರತಿಯೊಂದರ ಮೇಲೂ ಒಂದು ಹೆಸರು. ಸಾವಿನ ಸಂಖ್ಯೆಯನ್ನು ಕೇಳಿ ಮರೆಯುತ್ತಿದ್ದವರು ಆ ಬಯಲಿನ ಸುತ್ತ ನಡೆದುಬರಬೇಕಾಯಿತು. ಈಗ ಅದರಲ್ಲಿ ಸುಮಾರು 50,000 ತುಂಡುಗಳಿವೆ. ಮೆಕ್ಸಿಕೊದ ಸಿಯುದಾದ್ ಹುವಾರೆಸ್‌ನಲ್ಲಿ ಕೊಲೆಯಾದ, ಕಾಣೆಯಾದ ಹೆಂಗಸರಿಗಾಗಿ ಕಲಾವಿದೆ ಎಲಿನಾ ಶೊವೆ 2009ರಲ್ಲಿ ಬೀದಿಯಲ್ಲಿ 33 ಜೊತೆ ಕೆಂಪು ಪಾದರಕ್ಷೆಗಳನ್ನು ಸಾಲಾಗಿಟ್ಟರು. ಅವರ ಸ್ವಂತ ತಂಗಿಯೂ ಗಂಡನ ಕೈಯಲ್ಲಿ ಸತ್ತವಳು.

ಒಂದು ಎಚ್ಚರಿಕೆ ಮಾತ್ರ ಇರಲಿ: ಯಾವ ಕುಟುಂಬಕ್ಕೆ ಇಷ್ಟವಿಲ್ಲವೋ ಅವರ ಬಟ್ಟೆಯನ್ನೂ ಹೆಸರನ್ನೂ ಕೇಳಬೇಡಿ, ಆ ತುಂಡನ್ನು ಬರಿದಾಗಿ ಹೊಲಿಯಿರಿ. ತನಿಖೆಗೆ ಬೇಕಾಗಬಹುದಾದ ಯಾವ ಬಟ್ಟೆಗೂ ಕತ್ತರಿ ಹಾಕಬೇಡಿ. ತನಿಖೆ ಮತ್ತೆ ಆರಂಭವಾಗಬೇಕೆಂಬ ಬೇಡಿಕೆಯನ್ನು ಕೌದಿಯ ಅಂಚಿನಲ್ಲಿ ದಾರದಿಂದಲೇ ಬರೆಯಿರಿ.

ಪ್ರಶ್ನೆ: ಪ್ರತಿಭಟನೆಯ ಕಲೆ ಎಂದರೆ ಸಿಟ್ಟಿನ ಕಲೆಯೇ ಆಗಬೇಕೆ?

ಉತ್ತರ: ಆಗಬೇಕಾಗಿಲ್ಲ. ನ್ಯೂಯಾರ್ಕಿನ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕೆಲಿಸ್ 1979–80ರಲ್ಲಿ ಆ ನಗರದ ನೈರ್ಮಲ್ಯ ಇಲಾಖೆಯ ಸುಮಾರು 8,500 ಕಾರ್ಮಿಕರನ್ನು ಒಬ್ಬೊಬ್ಬರಾಗಿ ಭೇಟಿಯಾಗಿ, ಕೈಕುಲುಕಿ, ನಗರವನ್ನು ಜೀವಂತವಾಗಿಟ್ಟದ್ದಕ್ಕೆ ಕೃತಜ್ಞತೆ ಹೇಳಿದರು. ಜನರು ತಮ್ಮನ್ನು ಯಾವ ಯಾವ ಕೀಳು ಹೆಸರಿನಿಂದ ಕರೆಯುತ್ತಾರೆಂದು ಕಾರ್ಮಿಕರು ಅವರಿಗೆ ಹೇಳಿದ್ದರು. 1984ರಲ್ಲಿ ಆ ಹೆಸರುಗಳನ್ನು ಗಾಜಿನ ಮೇಲೆ ಬರೆಸಿ, ಸಮಾಜದ ನಾನಾ ವರ್ಗಗಳ ಜನರನ್ನು ಕರೆದು ಅವರ ಕೈಯಿಂದಲೇ ತೊಳೆಸಿದರು. ಅಲ್ಲಿ ಘೋಷಣೆ ಇರಲಿಲ್ಲ. ಆದರೆ ಅವಮಾನ ಯಾರ ಬಾಯಿಂದ ಬಂದಿತ್ತೋ ಅವರೇ ಅದನ್ನು ಒರೆಸಬೇಕಾಯಿತು.

ಪ್ರಶ್ನೆ: ನಮ್ಮಲ್ಲಿ ಹೊಗೆಯುಗುಳುತ್ತಿದ್ದ ಘಟಕಕ್ಕೆ ಕೊನೆಗೂ ಶುದ್ಧೀಕರಣ ಯಂತ್ರ ಬಂತು. ಕೆಮ್ಮುತ್ತಿರುವ ಹುಡುಗಿಯೊಬ್ಬಳ ಚಿತ್ರ ಮಾತ್ರ ಗೋಡೆಯ ಮೇಲೆ ಹಾಗೇ ಇದೆ. ಅಳಿಸಬೇಕೆಂದು ಅರ್ಧ ಜನ, ಉಳಿಸಬೇಕೆಂದು ಅರ್ಧ ಜನ ಪಟ್ಟುಹಿಡಿದಿದ್ದಾರೆ.

ಉತ್ತರ: ಅಭಿನಂದನೆಗಳು. ಆ ಹುಡುಗಿ ನಿಮ್ಮಲ್ಲಿಯೇ ಇರುವವಳಾದರೆ ಅರ್ಧರ್ಧ ಜನರ ವಾದವನ್ನು ಪಕ್ಕಕ್ಕಿಟ್ಟು ಮೊದಲು ಅವಳನ್ನು ಕೇಳಿ. ಕಾಯಿಲೆಯವಳೆಂದೇ ಊರಿಗೆಲ್ಲ ಕಾಣುತ್ತಿರುವುದು ಅವಳಿಗೆ ಬೇಡವಾಗಿದ್ದರೆ ಮುಖವನ್ನು ಬದಲಿಸಿ. ಅಲ್ಲಿಗೆ ಆ ಮಾತು ಮುಗಿಯಿತು. ಉಳಿದ ಚಿತ್ರವನ್ನು ಅಳಿಸಲು ನನಗೆ ಕಾರಣ ಕಾಣುವುದಿಲ್ಲ, ಇದ್ದ ಹಾಗೇ ಬಿಡಲೂ ಕಾಣುವುದಿಲ್ಲ. ಘಟಕದವರು ಮಾತು ಉಳಿಸಿಕೊಂಡಿದ್ದಾರೆ. ಅದನ್ನು ಹೇಳದ ಗೋಡೆ ಈಗ ಅರ್ಧ ಸತ್ಯವನ್ನಷ್ಟೇ ಹೇಳುತ್ತಿದೆ. ಯಂತ್ರ ಬಂದ ದಿನಾಂಕವನ್ನು ಚಿತ್ರದ ಪಕ್ಕದಲ್ಲಿ ಬರೆಸಿ. ಸ್ಯಾನ್ ಡಿಯಾಗೊದ ಸೇತುವೆಯ ಕಂಬಗಳಿಗೆ ದಶಕಗಳ ನಂತರ ಮತ್ತೆ ಬಣ್ಣ ಹಚ್ಚುವಾಗ ಮೊದಲು ಬರೆದಿದ್ದವರಲ್ಲಿ ಹಲವರು ಮರಳಿ ಬಂದಿದ್ದರು. ಹಾಗೆಯೇ ನಿಮ್ಮ ಗೋಡೆಯನ್ನು ವರ್ಷಕ್ಕೊಮ್ಮೆ ನೋಡಿಕೊಳ್ಳುವವರು ಯಾರೆಂಬುದೂ ಈಗಲೇ ತೀರ್ಮಾನವಾಗಲಿ. ದಿನಾಂಕದ ಕೆಳಗೆ ಒಂದು ಮೊಳದಷ್ಟು ಜಾಗವನ್ನು ಖಾಲಿ ಬಿಡಿಸಿ. ಯಂತ್ರ ನಿಂತು ಹೊಗೆ ಮತ್ತೆ ಕಾಣಿಸಿಕೊಂಡರೆ ಬರೆಯಲು ಅದು ಬೇಕಾಗುತ್ತದೆ.